ಮೆಕ್ಸಿಕೋ ಕಾರ್ಟೆಲ್ ಕೋರ್ಸ್‌ವರ್ಕ್‌ಗೆ ಡೇಟಾ ತಾಣಗಳು: ಯಾವುದನ್ನು ಎಷ್ಟು ನಂಬಬಹುದು

ಮೆಕ್ಸಿಕೋದಲ್ಲಿ ಡ್ರಗ್ ಕಾರ್ಟೆಲ್‌ಗಳು ವರ್ಷಕ್ಕೆ ಎಷ್ಟು ಜನರನ್ನು ಕೊಲ್ಲುತ್ತವೆ? ಸಮಾಜಶಾಸ್ತ್ರ, ರಾಜ್ಯಶಾಸ್ತ್ರ, ಪತ್ರಿಕೋದ್ಯಮ, ವಿಭಾಗ ಯಾವುದೇ ಇರಲಿ, ಕೋರ್ಸ್‌ವರ್ಕ್‌ನ ಮೊದಲ ಪುಟದಲ್ಲೇ ಈ ಅಂಕಿ ಹಾಕಬೇಕೆಂದು ವಿದ್ಯಾರ್ಥಿಗಳು ಹುಡುಕಲು ಕೂರುತ್ತಾರೆ. ಈಗ ಚಾಲ್ತಿಯಲ್ಲಿರುವ ಅಂಥ ಅಧಿಕೃತ ಅಂಕಿ ಇಲ್ಲ. ಒಂದು ಕಾಲಕ್ಕೆ ಇತ್ತು. 2006ರ ಡಿಸೆಂಬರ್‌ನಲ್ಲಿ ಮಿಚೊವಾಕಾನ್ ರಾಜ್ಯಕ್ಕೆ ಸೈನ್ಯ ಕಳಿಸಿದ ಅಧ್ಯಕ್ಷ ಫೆಲಿಪೆ ಕಾಲ್ದೆರೋನ್ ಅವರ ಸರ್ಕಾರ, ‘ಅಪರಾಧಿ ಗುಂಪುಗಳ ಪೈಪೋಟಿಗೆ ಸಂಬಂಧಿಸಿರಬಹುದಾದ’ ಸಾವುಗಳ ಪಟ್ಟಿಯೊಂದನ್ನು 2011ರ ಜನವರಿಯಲ್ಲಿ ಹೊರತಂದಿತು. 2010ರ ಕೊನೆಯವರೆಗೆ 34,612 ಸಾವು. ಮುಂದಿನ ಕಂತಿನಲ್ಲಿ 2011ರ ಸೆಪ್ಟೆಂಬರ್‌ವರೆಗೆ ಸೇರಿ 47,515. ಆಮೇಲೆ ಪಟ್ಟಿ ನಿಂತುಹೋಯಿತು. ಇಂದಿಗೂ ಅಂತರ್ಜಾಲದಲ್ಲಿ ಈ 47,515 ವರ್ಷದ ಹಂಗಿಲ್ಲದೆ ತಿರುಗುತ್ತಲೇ ಇದೆ. ಯಾವುದಾದರೂ ಪ್ರಬಂಧದಲ್ಲಿ ಇದು ದಿನಾಂಕವಿಲ್ಲದೆ ಕಂಡರೆ ಉಳಿದದ್ದನ್ನೂ ಅನುಮಾನದಿಂದಲೇ ಓದಬೇಕು.

ಹಾಗಾಗಿ ಇಲ್ಲಿ ವಿಮರ್ಶಿಸಿರುವ ತಾಣಗಳಲ್ಲಿ ಒಂದೂ ‘ಕಾರ್ಟೆಲ್ ಕೊಲೆ’ಯನ್ನು ನೇರವಾಗಿ, ಪೂರ್ತಿಯಾಗಿ ಎಣಿಸುವುದಿಲ್ಲ. ಒಂದು ಮರಣ ಪ್ರಮಾಣಪತ್ರ ಎಣಿಸುತ್ತದೆ, ಇನ್ನೊಂದು ಪೊಲೀಸ್ ಕಡತ, ಮತ್ತೊಂದು ಪತ್ರಿಕಾ ವರದಿ. ನಿಮ್ಮ ಪ್ರಶ್ನೆ ಯಾವುದು, ಆ ತಾಣ ಎಣಿಸುವುದು ಯಾವುದನ್ನು ಎಂಬುದು ತಾಳೆಯಾಗದಿದ್ದರೆ ಗ್ರಾಫ್ ಎಷ್ಟೇ ಚೆಂದವಿದ್ದರೂ ಅಂಕ ಬರುವುದಿಲ್ಲ.

ಮೊದಲ ಸ್ಥಾನ ಇನೆಹಿಗೆ. ಮೆಕ್ಸಿಕೋದ ಈ ರಾಷ್ಟ್ರೀಯ ಅಂಕಿಅಂಶ ಸಂಸ್ಥೆ ನೋಂದಾಯಿತ ಮರಣಗಳ ಪೂರ್ತಿ ಕಡತವನ್ನೇ ಉಚಿತವಾಗಿ ಕೊಡುತ್ತದೆ. ಒಂದು ಸಾಲಿಗೆ ಒಂದು ಸಾವು. ಖಾತೆ ತೆರೆಯಬೇಕಿಲ್ಲ, ಯಾರಿಗೂ ಅರ್ಜಿ ಹಾಕಬೇಕಿಲ್ಲ. 2007ರಲ್ಲಿ 8,867 ಇದ್ದ ಕೊಲೆ 2011ಕ್ಕೆ 27,213 ಆದದ್ದು, ಮಧ್ಯೆ ಇಳಿದು 2018ರಲ್ಲಿ 36,685 ಮುಟ್ಟಿದ್ದು ಎಲ್ಲವೂ ಇಲ್ಲಿಂದಲೇ ಬರುವ ಅಂಕಿ. ಲಕ್ಷ ಜನಸಂಖ್ಯೆಗೆ ಲೆಕ್ಕ ಹಾಕಿದರೆ 8ರಿಂದ 29ಕ್ಕೆ ಏರಿಕೆ. ದೀರ್ಘಾವಧಿಯ ಹೋಲಿಕೆಗೆ ಇದಕ್ಕಿಂತ ಗಟ್ಟಿಯಾದದ್ದು ಸಿಗದು.

ಬಳಸುವಾಗ ಎಡವುವ ಜಾಗಗಳು ಮಾತ್ರ ಹಲವು. ಕೊಲೆ ಎಂದು ತೆಗೆದುಕೊಳ್ಳಬೇಕಾದದ್ದು ಅಂತರರಾಷ್ಟ್ರೀಯ ರೋಗ ವರ್ಗೀಕರಣದ ಎಕ್ಸ್85ರಿಂದ ವೈ09ರವರೆಗಿನ ಕೋಡ್‌ಗಳನ್ನು. ಅದರ ಪಕ್ಕದಲ್ಲೇ ವೈ10ರಿಂದ ವೈ34 ಇದೆ: ಉದ್ದೇಶ ಗೊತ್ತಾಗದ ಹಿಂಸಾತ್ಮಕ ಸಾವು. ಒಂದು ರಾಜ್ಯದಲ್ಲಿ ಕೊಲೆ ದಿಢೀರನೆ ಕಡಿಮೆಯಾದಂತೆ ಕಂಡರೆ ಸಂಭ್ರಮಿಸುವ ಮೊದಲು ಈ ಎರಡನೇ ಗುಂಪು ಅದೇ ವರ್ಷ ಉಬ್ಬಿದೆಯೇ ನೋಡಿ. ಉಬ್ಬಿದ್ದರೆ ಇಳಿದದ್ದು ಕೊಲೆಯಲ್ಲ, ವರ್ಗೀಕರಣ ಸಡಿಲವಾಗಿದೆ ಅಷ್ಟೇ. ಎರಡು ಗೆರೆಗಳನ್ನೂ ಒಂದೇ ಗ್ರಾಫ್‌ನಲ್ಲಿ ಹಾಕಿದರೆ ಮೌಲ್ಯಮಾಪಕರಿಗೆ ನಿಮ್ಮ ಎಚ್ಚರ ಒಂದೇ ನೋಟಕ್ಕೆ ಕಾಣುತ್ತದೆ.

ಇನ್ನೊಂದು, ಕಡತದಲ್ಲಿ ಮೃತರ ವಾಸಸ್ಥಳ, ಸಾವು ನಡೆದ ಸ್ಥಳ, ನೋಂದಣಿಯಾದ ಸ್ಥಳ ಎಂದು ಮೂರು ಬೇರೆ ಬೇರೆ ಕಾಲಂಗಳಿವೆ. ಹಿಂಸೆಯ ನಕ್ಷೆಗೆ ಬೇಕಾದದ್ದು ಸಾವು ನಡೆದ ಸ್ಥಳ. ವಾಸಸ್ಥಳದ ಕಾಲಂ ಬಳಸಿದರೆ ದಾರಿಯಲ್ಲಿ ಸತ್ತ ವಲಸಿಗರು, ಹೊರರಾಜ್ಯದ ಕೆಲಸಗಾರರು ತಪ್ಪು ಊರಿನ ಲೆಕ್ಕಕ್ಕೆ ಹೋಗುತ್ತಾರೆ. ವರ್ಷದ ವಿಷಯವೂ ಹೀಗೆಯೇ. ಕಡತಗಳು ಇರುವುದು ನೋಂದಣಿಯಾದ ವರ್ಷದ ಪ್ರಕಾರ. ಸಾಮೂಹಿಕ ಗುಂಡಿಯಲ್ಲಿ ಹೂತಿಟ್ಟ ಶವ ಎರಡು ವರ್ಷ ಬಿಟ್ಟು ಸಿಕ್ಕರೆ ಸಿಕ್ಕ ವರ್ಷದ ಕಡತಕ್ಕೆ ಸೇರುತ್ತದೆ. ಸಾವು ನಡೆದ ವರ್ಷ ಬೇರೆ ಕಾಲಂನಲ್ಲಿದೆ, ಒಮ್ಮೆ ಪರಿಶೀಲಿಸಿಯೇ ಮುಂದೆ ಹೋಗಬೇಕು.

ಎಕ್ಸೆಲ್ ಮಾಡುವ ಅನಾಹುತ ಇನ್ನೊಂದು ಬಗೆಯದು. ಪುರಸಭೆಯ ಕೋಡ್‌ಗೆ ಐದು ಅಂಕಿ: ಮೊದಲೆರಡು ರಾಜ್ಯ, ಉಳಿದ ಮೂರು ಪುರಸಭೆ. ತಿಹುವಾನಾ 02004, ಸಿಯುದಾದ್ ಹುವಾರೆಸ್ 08037, ಕುಲಿಯಾಕಾನ್ 25006. ಕಡತವನ್ನು ನೇರವಾಗಿ ಎರಡು ಕ್ಲಿಕ್ ಮಾಡಿ ತೆರೆದರೆ ಮುಂದಿನ ಸೊನ್ನೆ ಹಾರಿಹೋಗಿ ತಿಹುವಾನಾ 2004 ಆಗುತ್ತದೆ. ಆಮೇಲೆ ಜನಸಂಖ್ಯೆಯ ಕೋಷ್ಟಕದ ಜೊತೆ ಜೋಡಿಸಲು ಹೋದರೆ 01ರಿಂದ 09ರವರೆಗಿನ ಒಂಬತ್ತು ರಾಜ್ಯಗಳು ಸದ್ದಿಲ್ಲದೆ ಮಾಯ. 32ರಲ್ಲಿ 9 ಹೋದರೂ ಗ್ರಾಫ್ ಬಂದೇ ಬರುತ್ತದೆ, ತಪ್ಪು ಕಣ್ಣಿಗೆ ಬೀಳುವುದಿಲ್ಲ. ಪರಿಹಾರ ಸುಲಭ: ಡೇಟಾ ಮೆನುವಿನಿಂದ ಆಮದು ಮಾಡಿ, ಆ ಕಾಲಂಗಳ ಬಗೆಯನ್ನು ಪಠ್ಯ ಎಂದು ಆರಿಸಿ. ಜೋಡಿಸಿದ ನಂತರ ರಾಜ್ಯಗಳನ್ನು ಎಣಿಸಿ, 32 ಇರಲೇಬೇಕು. ಪುರಸಭೆಯ ಜಾಗದಲ್ಲಿ 999 ಕಂಡರೆ ಅದು ಊರಲ್ಲ, ‘ಗೊತ್ತಿಲ್ಲ’ ಎಂದರ್ಥ.

ಇನೆಹಿಯ ನಿಜವಾದ ಕೊರತೆ ವೇಗ. ತಾತ್ಕಾಲಿಕ ಅಂಕಿ ಮುಂದಿನ ವರ್ಷದ ಮಧ್ಯಕ್ಕೆ, ಅಂತಿಮ ಅಂಕಿ ಇನ್ನೂ ತಡವಾಗಿ. ಕಳೆದ ತಿಂಗಳ ಬಗ್ಗೆ ಬರೆಯುವವರಿಗೆ ಪ್ರಯೋಜನವಿಲ್ಲ.

ಅವರಿಗಿರುವುದು ರಾಷ್ಟ್ರೀಯ ಸಾರ್ವಜನಿಕ ಭದ್ರತಾ ವ್ಯವಸ್ಥೆಯ ಕಾರ್ಯಕಾರಿ ಸಚಿವಾಲಯದ ತಾಣ. ತಿಂಗಳು ತಿಂಗಳೂ ಹೊಸ ಕಡತ ಬರುತ್ತದೆ, ಹೊಸ ವಿಧಾನದ ಲೆಕ್ಕ 2015ರಿಂದ ಇದೆ. ವೇಗಕ್ಕೆ ಪೂರ್ತಿ ಅಂಕ. ಆದರೆ ಇಲ್ಲಿ ಎರಡು ಬಗೆಯ ಕಡತಗಳಿವೆ: ತನಿಖಾ ಕಡತಗಳ ಎಣಿಕೆ ಮತ್ತು ಬಲಿಯಾದವರ ಎಣಿಕೆ. ಒಂದು ತನಿಖಾ ಕಡತದಲ್ಲಿ ಒಬ್ಬರೂ ಇರಬಹುದು, ಹತ್ತು ಜನರೂ ಇರಬಹುದು. ಸಾಮೂಹಿಕ ಹತ್ಯೆಗಳೇ ಕಾರ್ಟೆಲ್ ಹಿಂಸೆಯ ಗುರುತಾಗಿರುವಾಗ ಕಡತ ಎಣಿಸಿ ‘ಇಷ್ಟು ಜನ ಸತ್ತರು’ ಎಂದು ಬರೆಯುವುದು ಬುಡಕ್ಕೇ ಕೊಡಲಿ ಹಾಕಿದ ಹಾಗೆ. ವಿದ್ಯಾರ್ಥಿಗಳ ಕೆಲಸದಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ.

ಎರಡನೆಯ ತಪ್ಪು ಕೊಲೆ ಎಂಬ ಶೀರ್ಷಿಕೆಯಡಿ ಇರುವುದನ್ನೆಲ್ಲ ಕೂಡಿಸುವುದು. ಅದರಲ್ಲಿ ಉದ್ದೇಶಪೂರ್ವಕ ಕೊಲೆಯೂ ಇದೆ, ಉದ್ದೇಶವಿಲ್ಲದ ಸಾವೂ ಇದೆ. ಎರಡನೆಯದರಲ್ಲಿ ದೊಡ್ಡ ಪಾಲು ರಸ್ತೆ ಅಪಘಾತ. ಕೂಡಿಸಿದರೆ ಕಾರ್ಟೆಲ್ ಜೊತೆ ಲಾರಿಗಳೂ ಆರೋಪಿಗಳಾಗುತ್ತವೆ. ಸ್ತ್ರೀಹತ್ಯೆ ಪ್ರತ್ಯೇಕ ಅಪರಾಧವಾಗಿ ಬೇರೆ ಸಾಲಿನಲ್ಲಿದೆ, ಇನೆಹಿ ಅಂಕಿಯ ಜೊತೆ ಹೋಲಿಸುವಾಗ ಅದನ್ನು ಸೇರಿಸಿಕೊಳ್ಳಬೇಕು. ಎಷ್ಟೇ ಸರಿಯಾಗಿ ಕೂಡಿಸಿದರೂ ಎರಡು ಸಂಸ್ಥೆಗಳ ಅಂಕಿ ಹೊಂದುವುದಿಲ್ಲ, ಹೊಂದಬೇಕಾಗಿಯೂ ಇಲ್ಲ. ಎರಡೂ ಒಂದೇ ದಿಕ್ಕಿಗೆ ಹೋಗುತ್ತಿವೆಯೇ ಎಂಬುದಷ್ಟೇ ಮುಖ್ಯ.

ಪುರಸಭಾ ಮಟ್ಟದ ಕಡತ ಎಕ್ಸೆಲ್‌ನ 10,48,576 ಸಾಲುಗಳ ಮಿತಿಗಿಂತ ದೊಡ್ಡದು. ತೆರೆದಾಗ ‘ಕಡತ ಪೂರ್ತಿ ಬಂದಿಲ್ಲ’ ಎಂಬ ಎಚ್ಚರಿಕೆ ಬರುತ್ತದೆ. ಓಕೆ ಒತ್ತಿ ಮುಂದೆ ಹೋದವರಿಗೆ ಇತ್ತೀಚಿನ ವರ್ಷಗಳೇ ಇರುವುದಿಲ್ಲ. ಪೈಥಾನ್ ಅಥವಾ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಳಸಿ, ಬೇಕಾದ ಅಪರಾಧವನ್ನು ಮೊದಲೇ ಸೋಸಿ ಚಿಕ್ಕ ಕಡತ ಮಾಡಿಕೊಳ್ಳಿ. ಓದಿಸುವಾಗ ಎನ್‌ಕೋಡಿಂಗ್ ಲ್ಯಾಟಿನ್-1 ಎಂದು ಹೇಳಿಕೊಡಿ, ಇಲ್ಲವಾದರೆ ಸ್ಪ್ಯಾನಿಷ್ ಸ್ವರಚಿಹ್ನೆಗಳಿರುವ ಮಿಚೊವಾಕಾನ್, ಹುವಾರೆಸ್‌ನಂಥ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಬಂದು ಹೆಸರಿನಿಂದ ಜೋಡಿಸುವುದು ಹಳ್ಳ ಹಿಡಿಯುತ್ತದೆ.

ಸುಲಿಗೆ, ಅಪಹರಣಗಳಿಗೆ ಮಾತ್ರ ಈ ತಾಣ ಬೇಡ. ಇನೆಹಿಯೇ ಪ್ರತಿವರ್ಷ ಮನೆಮನೆಗೆ ಹೋಗಿ ಮಾಡುವ ಅಪರಾಧ ಸಮೀಕ್ಷೆ ಎನ್ವಿಪೆ ಹೇಳುವ ಪ್ರಕಾರ ಶೇ 90ಕ್ಕೂ ಹೆಚ್ಚು ಅಪರಾಧಗಳು ದೂರು ಅಥವಾ ತನಿಖೆಯ ಹಂತಕ್ಕೇ ಬರುವುದಿಲ್ಲ. ಹಫ್ತಾ ಕೊಡುವ ಅಂಗಡಿಯವನು ಠಾಣೆಗೆ ಹೋಗದಿರಲು ಕಾರಣ ಬಿಡಿಸಿ ಹೇಳಬೇಕಿಲ್ಲ. ದೂರಿನ ಸಂಖ್ಯೆ ಏರಿದರೆ ಸುಲಿಗೆ ಏರಿದ್ದೂ ಆಗಿರಬಹುದು, ಪೊಲೀಸರ ಮೇಲೆ ನಂಬಿಕೆ ಬಂದದ್ದೂ ಆಗಿರಬಹುದು.

ಕಾಣೆಯಾದವರ ರಾಷ್ಟ್ರೀಯ ನೋಂದಣಿ ಇನ್ನೊಂದು ಸೂಕ್ಷ್ಮ ತಾಣ. 2022ರ ಮೇ ತಿಂಗಳಲ್ಲಿ ಅದರ ಒಟ್ಟು ಮೊತ್ತ 1 ಲಕ್ಷ ದಾಟಿತು. 2023ರಲ್ಲಿ ಸರ್ಕಾರ ಮರುಎಣಿಕೆಗೆ ಕೈಹಾಕಿತು, ಶೋಧ ಆಯೋಗದ ಮುಖ್ಯಸ್ಥೆ ಕಾರ್ಲಾ ಕಿಂತಾನಾ ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟರು, ಡಿಸೆಂಬರ್‌ನಲ್ಲಿ ‘ದೃಢಪಟ್ಟ’ ಕಾಣೆಯಾದವರು 12,377 ಮಾತ್ರ ಎಂದು ಸರ್ಕಾರ ಹೇಳಿತು. ಸಂತ್ರಸ್ತ ಕುಟುಂಬಗಳು ಸಿಡಿದೆದ್ದವು. ಈ ತಾಣದಿಂದ ಅಂಕಿ ತೆಗೆದರೆ ಯಾವ ದಿನ ತೆಗೆದದ್ದೆಂದು ಬರೆಯಿರಿ, ಪರದೆಯ ಚಿತ್ರವನ್ನೂ ಉಳಿಸಿಕೊಳ್ಳಿ. ನಾಳೆ ಅದೇ ಅಂಕಿ ಅಲ್ಲಿರುತ್ತದೆಂಬ ಖಾತ್ರಿಯಿಲ್ಲ. ಮಾಧ್ಯಮ ವಿಶ್ಲೇಷಣೆಯ ವಿದ್ಯಾರ್ಥಿಗೆ ಮಾತ್ರ ಈ ಗೊಂದಲವೇ ಒಳ್ಳೆಯ ವಿಷಯ: ಅದೇ ವಾರ ಯಾವ ಪತ್ರಿಕೆ ಯಾವ ಅಂಕಿಯನ್ನು ತಲೆಬರಹಕ್ಕೆ ಏರಿಸಿತು?

ಯಾವ ಕಾರ್ಟೆಲ್ ಯಾರ ವಿರುದ್ಧ ಎಂಬ ಪ್ರಶ್ನೆಗೆ ಸರ್ಕಾರಿ ತಾಣಗಳಲ್ಲಿ ಉತ್ತರವಿಲ್ಲ. ಇದಕ್ಕೆ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಸಶಸ್ತ್ರ ಸಂಘರ್ಷಗಳ ಡೇಟಾಬೇಸ್ ಯುಸಿಡಿಪಿ ಒಳ್ಳೆಯದು. ಸಿನಲೋವಾ ಕಾರ್ಟೆಲ್ ಮತ್ತು ಹಲಿಸ್ಕೊ ನ್ಯೂ ಜನರೇಶನ್ ಕಾರ್ಟೆಲ್ ನಡುವಿನ ಕಾದಾಟ ಇಲ್ಲಿ ‘ಸರ್ಕಾರೇತರ ಸಂಘರ್ಷ’ ಎಂಬ ವರ್ಗದಲ್ಲಿ ಬರುತ್ತದೆ. ಉಚಿತ, ಕಡತ ಅಚ್ಚುಕಟ್ಟು, ಕೋಡ್‌ಪುಸ್ತಕ ಓದುವಂತಿದೆ. ಪ್ರತಿ ಘಟನೆಗೆ ಕನಿಷ್ಠ, ಗರಿಷ್ಠ, ಅತ್ಯುತ್ತಮ ಅಂದಾಜು ಎಂದು ಮೂರು ಅಂಕಿ ಇರುತ್ತವೆ. ಅತ್ಯುತ್ತಮ ಅಂದಾಜನ್ನಷ್ಟೇ ಹಾಕಿ ಉಳಿದೆರಡನ್ನು ಬಿಡುವುದು ಸೋಮಾರಿತನ. ಎರಡು ಗುಂಪುಗಳ ನಡುವಿನ ಕಾದಾಟ ವರ್ಷಕ್ಕೆ 25 ಸಾವಿನ ಗೆರೆ ದಾಟಿದರೆ ಮಾತ್ರ ಸಂಘರ್ಷವೆಂದು ಪರಿಗಣಿಸುವುದರಿಂದ ಚಿಕ್ಕ ಗುಂಪುಗಳ ಜಗಳ ಇದರಲ್ಲಿ ಸಿಗದು. ಯಾರು ಕೊಂದರೆಂದು ಗೊತ್ತಿಲ್ಲದ ಸಾವುಗಳೂ ಇದರ ಕೈಗೆ ಸಿಗುವುದು ಕಷ್ಟ. ಅದಕ್ಕೇ ಇದರ ಒಟ್ಟು ಮೊತ್ತ ಇನೆಹಿಯದಕ್ಕಿಂತ ಎಷ್ಟೋ ಕಡಿಮೆ. ‘ಇನೆಹಿಯಲ್ಲಿ ಯುಸಿಡಿಪಿ ಕಳೆದರೆ ಉಳಿದದ್ದು ಸಾಮಾನ್ಯ ಅಪರಾಧ’ ಎಂಬ ಕಳೆಯುವ ಲೆಕ್ಕ ತೀರಾ ತಪ್ಪು.

ನಕ್ಷೆ ಬಿಡಿಸುವ ಮುನ್ನ ಸ್ಥಳ ಮತ್ತು ದಿನಾಂಕ ಎಷ್ಟು ನಿಖರ ಎಂದು ಹೇಳುವ ಕಾಲಂಗಳನ್ನು ನೋಡಲೇಬೇಕು. ಸ್ಥಳದ ನಿಖರತೆ 1 ಇದ್ದರೆ ಜಾಗ ಗೊತ್ತು, ಅಂಕಿ ಮೇಲೆ ಹೋದಂತೆ ರಾಜ್ಯ ಅಥವಾ ದೇಶ ಮಾತ್ರ ಗೊತ್ತು ಎಂದರ್ಥ. ಆಗ ಬಿಂದು ಹೋಗಿ ಕೂರುವುದು ರಾಜ್ಯದ ನಡುವಿನ ಯಾವುದೋ ಜಾಗದಲ್ಲಿ, ನಕ್ಷೆಯಲ್ಲಿ ಅಲ್ಲೊಂದು ಭಯಾನಕ ರಣರಂಗ ಹುಟ್ಟಿಕೊಳ್ಳುತ್ತದೆ. ಹಾಗೆಯೇ ಒಂದೊಂದು ಸಾಲು ಒಂದೊಂದು ಘಟನೆಯಾಗಿರದೆ ಹಲವು ಘಟನೆಗಳ ಒಟ್ಟು ಮೊತ್ತವಾಗಿರುವುದೂ ಉಂಟು, ಘಟನೆಯ ಸ್ಪಷ್ಟತೆಯ ಕಾಲಂನಲ್ಲಿ 2 ಇದ್ದರೆ ಅಂಥದ್ದು. ತಿಂಗಳ ಗ್ರಾಫ್‌ನಲ್ಲಿ ಅವನ್ನು ಹೊರಗಿಡಿ, ಹೊರಗಿಟ್ಟದ್ದನ್ನು ಅಡಿಯಲ್ಲಿ ಬರೆಯಿರಿ.

ಸಂಘರ್ಷದ ಘಟನೆಗಳನ್ನು ದಾಖಲಿಸುವ ಇನ್ನೊಂದು ಡೇಟಾಬೇಸ್ ಆಕ್ಲೆಡ್ ಹೆಚ್ಚು ಹೆಸರುವಾಸಿ, ಈ ಕೆಲಸಕ್ಕೆ ನನ್ನ ಎರಡನೆಯ ಆಯ್ಕೆ. ಮೆಕ್ಸಿಕೋದ ದಾಖಲೆ 2018ರಿಂದ ಮಾತ್ರ ಇರುವುದರಿಂದ ಕಾಲ್ದೆರೋನ್ ಕಾಲದ ಬಗ್ಗೆ ಬರೆಯುವವರಿಗೆ ಇದು ಬಾಗಿಲಲ್ಲೇ ಮುಚ್ಚಿದೆ. ಸಾವಿಲ್ಲದ ಘಟನೆಗಳನ್ನೂ ದಾಖಲಿಸುವುದು ಇದರ ಬಲ: ಪ್ರತಿಭಟನೆ, ಸಾವಿಲ್ಲದ ಗುಂಡಿನ ಚಕಮಕಿ, ಹಲ್ಲೆ. ಆದರೆ ಹೆಸರಿನ ಕಾಲಂನಲ್ಲಿ ‘ಗುರುತಿಸದ ಗ್ಯಾಂಗ್’ ಎಂಬುದೇ ಸಾಲುಸಾಲಾಗಿ ಸಿಗುತ್ತದೆ. ಕಾರ್ಟೆಲ್‌ವಾರು ವಿಶ್ಲೇಷಣೆ ಮಾಡುವವರು ಆ ಸಾಲುಗಳನ್ನು ಅಳಿಸಿಬಿಡುತ್ತಾರೆ, ಅಲ್ಲಿಗೆ ಕಥೆ ತಿರುಚಿಕೊಂಡಿತು. ಹೆಸರು ಗೊತ್ತಾಗುವುದು ಪತ್ರಕರ್ತರು ಬದುಕಿ ಬರೆಯಬಲ್ಲ ಊರುಗಳಲ್ಲಿ. ಅಳಿಸದೆ, ಅಂಥವು ಎಷ್ಟು ಪಾಲು ಎಂದು ರಾಜ್ಯವಾರು ತೋರಿಸಿ. ಕೆಲವೊಮ್ಮೆ ಇಡೀ ಪ್ರಬಂಧದಲ್ಲಿ ಅದೇ ಒಳ್ಳೆಯ ಕೋಷ್ಟಕವಾಗುತ್ತದೆ. ಡೇಟಾ ಪಡೆಯಲು ಖಾತೆ ಬೇಕು, ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ.

ಜಿಡೆಲ್ಟ್ ಬಗ್ಗೆ ಚುಟುಕಾಗಿ: ಹಿಂಸೆ ಎಣಿಸಲು ಬಳಸಬೇಡಿ. ಯಂತ್ರ ಸುದ್ದಿ ಓದಿ ತಾನೇ ಘಟನೆ ಬರೆದುಕೊಳ್ಳುವ ವ್ಯವಸ್ಥೆ ಇದು. ಒಂದೇ ಹತ್ಯೆಯ ಮೇಲೆ ಹತ್ತಾರು ವರದಿ ಬಂದರೆ ಒಂದಕ್ಕಿಂತ ಹೆಚ್ಚು ಸಾಲುಗಳಾಗುತ್ತವೆ. ಸಿನಲೋವಾ ಕಾರ್ಟೆಲ್ ನಾಯಕ ಹುವಾಕಿನ್ ‘ಎಲ್ ಚಾಪೊ’ ಗುಸ್ಮಾನ್ ವಿಚಾರಣೆ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ನಡೆದಾಗ ಸಿನಲೋವಾದ ಹಳೆಯ ಕೊಲೆಗಳ ಪ್ರಸ್ತಾಪ ದಿನವೂ ಸುದ್ದಿಯಲ್ಲಿತ್ತು. ಯಂತ್ರಕ್ಕೆ ಹಳೆಯದು ಯಾವುದು, ಇಂದಿನದು ಯಾವುದು ಎಂಬುದು ತಿಳಿಯುವುದು ಕಷ್ಟ. ತೈಲ ರಾಷ್ಟ್ರಗಳ ಕಾರ್ಟೆಲ್ ಕೂಡ ಹುಡುಕಾಟದಲ್ಲಿ ನುಗ್ಗುತ್ತದೆ. ಜಗತ್ತಿನ ಮಾಧ್ಯಮ ಎಷ್ಟು ಗಮನ ಕೊಟ್ಟಿತು ಎಂದು ಅಳೆಯಲು ಸರಿ, ಅದಕ್ಕಿಂತ ಹೆಚ್ಚಿಗೆ ಅಲ್ಲ. ಗೂಗಲ್‌ನ ಡೇಟಾ ಹುಡುಕಾಟ ಸೇವೆ ಬಿಗ್‌ಕ್ವೆರಿ ಮೂಲಕ ಹುಡುಕುವವರು ಬೇಕಾದ ಕಾಲಂಗಳನ್ನಷ್ಟೇ ಕೇಳಬೇಕು. ಎಲ್ಲ ಕಾಲಂ ಕೇಳಿದರೆ ತಿಂಗಳ 1 ಟೆರಾಬೈಟ್ ಉಚಿತ ಮಿತಿ ನಾಲ್ಕಾರು ಹುಡುಕಾಟಕ್ಕೇ ಖಾಲಿಯಾಗಬಹುದು.

ಮಾಧ್ಯಮ ವಿಶ್ಲೇಷಣೆಗೆ ಮೀಡಿಯಾ ಕ್ಲೌಡ್ ಮೇಲು. ದೇಶವಾರು ಪತ್ರಿಕೆಗಳ ಸಂಗ್ರಹ ಆರಿಸಿ, ಹುಡುಕಿ, ದಿನವಾರು ಎಷ್ಟು ಬರಹ ಎಂದು ತೆಗೆಯಬಹುದು. ಪೂರ್ತಿ ಪಠ್ಯ ಕೊಡುವುದಿಲ್ಲ, ಶೀರ್ಷಿಕೆ ಮತ್ತು ಕೊಂಡಿ ಕೊಡುತ್ತದೆ. ಹುಡುಕಾಟವನ್ನು ಸ್ಪ್ಯಾನಿಷ್‌ನಲ್ಲೇ ಮಾಡಬೇಕು. ಸ್ವರಚಿಹ್ನೆಯಿಲ್ಲದ ‘ಕಾರ್ತೆಲ್’ಗೆ ಅಲ್ಲಿ ಭಿತ್ತಿಪತ್ರ, ಸಂಗೀತ ಉತ್ಸವದ ಕಲಾವಿದರ ಪಟ್ಟಿ ಎಂಬ ಅರ್ಥವೂ ಇರುವುದರಿಂದ ಫಲಿತಾಂಶದಲ್ಲಿ ಸಂತೆ ನೆರೆಯುತ್ತದೆ. ‘ನಾರ್ಕೊ’ ಎಂದು ಬರೆದು ನಕ್ಷತ್ರ ಹಾಕಿದರೆ ವೈದ್ಯಕೀಯ ಬರಹಗಳೂ ಬರುತ್ತವೆ. ಗುಂಪುಗಳ ಹೆಸರು, ಜೊತೆಗೆ ಸಿಕಾರಿಯೊ (ಬಾಡಿಗೆ ಹಂತಕ), ನಾರ್ಕೊಮಾಂತಾ (ಕಾರ್ಟೆಲ್ ತೂಗುಹಾಕುವ ಸಂದೇಶದ ಬಟ್ಟೆ), ಬಲಾಸೆರಾ (ಗುಂಡಿನ ಚಕಮಕಿ), ಲೆವಂತೋನ್ (ಹೊತ್ತೊಯ್ಯುವುದು) ಎಂಬಂಥ ಪತ್ರಿಕಾ ಪದಗಳನ್ನು ಸೇರಿಸಿ. ಮೊದಲು ಸಿಕ್ಕಿದ್ದರಲ್ಲಿ 100 ಶೀರ್ಷಿಕೆಗಳನ್ನು ಕಣ್ಣಾರೆ ಓದಿ ಎಷ್ಟು ಸಂಬಂಧವಿಲ್ಲದವು ಎಂದು ಎಣಿಸಿ. 20ಕ್ಕಿಂತ ಹೆಚ್ಚಿದ್ದರೆ ಹುಡುಕಾಟ ಮತ್ತೆ ಬರೆಯಿರಿ.

ಇನ್ನು ಯಾವ ತಾಣವೂ ಹೇಳಿಕೊಡದ ಸಂಗತಿ. 2011ರ ಮಾರ್ಚ್ 24ರಂದು 700ಕ್ಕೂ ಹೆಚ್ಚು ಮೆಕ್ಸಿಕನ್ ಮಾಧ್ಯಮ ಸಂಸ್ಥೆಗಳು ಹಿಂಸೆಯ ಸುದ್ದಿ ಹೇಗೆ ಬರೆಯಬೇಕೆಂಬ ಒಪ್ಪಂದಕ್ಕೆ ಸಹಿ ಹಾಕಿದವು. ಅಪರಾಧಿಗಳ ವಕ್ತಾರರಾಗಬಾರದು, ಅವರ ಪದಗಳನ್ನು ಬಳಸಬಾರದು ಎಂಬುದು ಅದರ ಭಾಗ. ರೆಫೊರ್ಮಾ, ಲಾ ಹೊರ್ನಾದಾ, ಪ್ರೊಸೆಸೊ ಸಹಿ ಹಾಕಲಿಲ್ಲ. ಅಂದರೆ 2011ರ ನಂತರ ಒಂದು ಪತ್ರಿಕೆಯಲ್ಲಿ ನೀವು ಹುಡುಕುವ ಪದ ಕಡಿಮೆಯಾದರೆ ಅದು ಹಿಂಸೆ ಇಳಿದದ್ದಲ್ಲ, ಸಂಪಾದಕರು ಪದ ಬದಲಿಸಿದ್ದು ಇರಬಹುದು. ಸಹಿ ಹಾಕಿದ ಒಂದು, ಹಾಕದ ಒಂದು ಪತ್ರಿಕೆ ಆರಿಸಿ ಒಪ್ಪಂದದ ಹಿಂದಿನ ಆರು ತಿಂಗಳು, ಮುಂದಿನ ಆರು ತಿಂಗಳು ಹೋಲಿಸಿದರೆ ಒಂದು ಸೆಮಿಸ್ಟರ್‌ಗೆ ಸಾಕಾಗುವ ಕೆಲಸ. ಲಾ ಹೊರ್ನಾದಾದ ಹಳೆಯ ಸಂಚಿಕೆಗಳು ತಾಣದಲ್ಲೇ ದಿನಾಂಕವಾರು ಉಚಿತವಾಗಿ ಸಿಗುತ್ತವೆ, ರೆಫೊರ್ಮಾಗೆ ಚಂದಾ ಬೇಕು. ಕಾಲೇಜು ಗ್ರಂಥಾಲಯದ ಸುದ್ದಿ ಡೇಟಾಬೇಸ್‌ನಲ್ಲಿ ಏನೇನಿದೆ ಎಂದು ವಿಷಯ ಗಟ್ಟಿಮಾಡುವ ಮೊದಲೇ ವಿಚಾರಿಸಿ.

ಬರೆಯದೆ ಉಳಿದದ್ದನ್ನು ಅಳೆಯುವುದು ಇನ್ನೂ ಕಷ್ಟ, ಇನ್ನೂ ಮುಖ್ಯ. 2011ರ ಮಾರ್ಚ್‌ನಲ್ಲಿ ಕೊವಾವಿಲಾ ರಾಜ್ಯದ ಅಯೆಂದೆಯಲ್ಲಿ ಸೆತಾಸ್ ಗುಂಪು ಮನೆಗಳನ್ನೇ ನೆಲಸಮ ಮಾಡಿ ಜನರನ್ನು ಹೊತ್ತೊಯ್ದಿತು. ವಿಷಯ ದೊಡ್ಡದಾಗಿ ಹೊರಬಂದದ್ದು ವರ್ಷಗಳ ಬಳಿಕ. ಸುದ್ದಿ ಆಧಾರಿತ ಯಾವುದೇ ಡೇಟಾಬೇಸ್‌ನಲ್ಲಿ ಆ ತಿಂಗಳು ಅಯೆಂದೆ ಶಾಂತವಾಗಿ ಕಂಡರೆ ಆಶ್ಚರ್ಯವಿಲ್ಲ. ಅದೇ ರಾಜ್ಯದ ಸೊಕಲೊ ಪತ್ರಿಕೆ 2013ರ ಮಾರ್ಚ್‌ನಲ್ಲಿ ಸಂಘಟಿತ ಅಪರಾಧದ ಸುದ್ದಿ ಇನ್ನು ಮುಂದೆ ಪ್ರಕಟಿಸುವುದಿಲ್ಲವೆಂದು ಸಂಪಾದಕೀಯದಲ್ಲೇ ಘೋಷಿಸಿತು. ಪತ್ರಕರ್ತೆ ಮಿರೊಸ್ಲಾವಾ ಬ್ರೀಚ್ 2017ರ ಮಾರ್ಚ್‌ನಲ್ಲಿ ಕೊಲೆಯಾದ ಬೆನ್ನಲ್ಲೇ ಹುವಾರೆಸ್‌ನ ನೊರ್ತೆ ಪತ್ರಿಕೆ ಮುದ್ರಣ ನಿಲ್ಲಿಸಿತು. ಇಂಥ ದಿನಾಂಕಗಳನ್ನು ಗ್ರಾಫ್ ಮೇಲೆ ಲಂಬ ಗೆರೆಯಾಗಿ ಎಳೆಯದೆ ಸುದ್ದಿ ಎಣಿಕೆಯನ್ನು ವಿವರಿಸಲು ಹೋಗಬಾರದು. ಒರೆಗೆ ಹಚ್ಚಲು ಸುಲಭ ದಾರಿ: ಅದೇ ಪುರಸಭೆಯ ಇನೆಹಿ ಸಾವುಗಳನ್ನು ಸುದ್ದಿ ಸಂಖ್ಯೆಯ ಪಕ್ಕ ಇಡಿ. ಸಾವು ಏರಿ ಸುದ್ದಿ ಇಳಿದ ತಿಂಗಳುಗಳನ್ನು ಗುರುತಿಸಿ, ಅವುಗಳನ್ನೇ ಓದಿ.

ಚೌಕಟ್ಟು ವಿಶ್ಲೇಷಣೆ, ಅಂದರೆ ಸುದ್ದಿಯನ್ನು ಯಾವ ಕೋನದಿಂದ ಹೇಳಿದ್ದಾರೆ ಎಂಬ ಅಧ್ಯಯನ ಮಾಡುವವರಿಗೆ ಅಯೊತ್ಸಿನಾಪಾ ಪ್ರಕರಣಕ್ಕಿಂತ ಒಳ್ಳೆಯ ಸಾಮಗ್ರಿ ಕಡಿಮೆ. 2014ರ ಸೆಪ್ಟೆಂಬರ್ 26ರ ರಾತ್ರಿ ಇಗ್ವಾಲಾದಲ್ಲಿ ಅಯೊತ್ಸಿನಾಪಾದ ಶಿಕ್ಷಕರ ಕಾಲೇಜಿನ 43 ವಿದ್ಯಾರ್ಥಿಗಳು ಕಾಣೆಯಾದರು. 2015ರ ಜನವರಿ 27ರಂದು ಅಟಾರ್ನಿ ಜನರಲ್ ಹೆಸೂಸ್ ಮುರಿಯೊ ಕರಾಮ್ ಅಪರಾಧಿ ಗುಂಪು ಅವರನ್ನು ಕೊಂದು ಕಸದ ಗುಂಡಿಯಲ್ಲಿ ಸುಟ್ಟಿತೆಂಬ ಕಥೆಯನ್ನು ‘ಐತಿಹಾಸಿಕ ಸತ್ಯ’ ಎಂದರು. ಸೆಪ್ಟೆಂಬರ್‌ನಲ್ಲಿ ಅಂತರರಾಷ್ಟ್ರೀಯ ತಜ್ಞರ ತಂಡ ಅದನ್ನು ತಳ್ಳಿಹಾಕಿತು. ಎರಡೂ ಸಂದರ್ಭಗಳ ಮರುದಿನದ ಮುಖಪುಟಗಳನ್ನು ತೆಗೆದುಕೊಂಡು ನೋಡಿ: ತಲೆಬರಹದಲ್ಲಿ ಕರ್ತೃ ಯಾರು, ಉದ್ಧರಣ ಚಿಹ್ನೆ ಇದೆಯೇ, ‘ಎಂದು ಸರ್ಕಾರ ಹೇಳಿದೆ’ ಎಂಬುದು ಇದೆಯೋ ಬಿಟ್ಟುಹೋಗಿದೆಯೋ, ಕುಟುಂಬದವರ ಮಾತು ಎಷ್ಟನೆಯ ಪ್ಯಾರಾದಲ್ಲಿ. ಕೋಡ್ ಮಾಡುವವರು ಇಬ್ಬರಿರಬೇಕು, ಒಬ್ಬರ ಹಾಳೆ ಇನ್ನೊಬ್ಬರು ನೋಡಬಾರದು. ಇಬ್ಬರ ಒಮ್ಮತ ಅಳೆಯುವ ಕ್ರಿಪೆಂಡಾರ್ಫ್ ಆಲ್ಫಾ 0.80 ಬಂದರೆ ನಿಶ್ಚಿಂತೆ, 0.667ಕ್ಕಿಂತ ಕೆಳಗಿದ್ದರೆ ಆ ಕೋಡ್ ಬಿಟ್ಟುಬಿಡಿ. ‘ಸಂವೇದನಾಶೀಲ ವರದಿ ಹೌದೇ ಅಲ್ಲವೇ’ ಎಂಬಂಥ ಕೋಡ್‌ಗೆ ಎಂದೂ ಒಮ್ಮತ ಬರುವುದಿಲ್ಲ. ‘ಶವದ ಚಿತ್ರ ಇದೆಯೇ’ ಎಂದು ಕೇಳಿ, ಬರುತ್ತದೆ. ಇಡೀ ವರ್ಷದ ಪತ್ರಿಕೆಗೆ ವಾರದ ಪ್ರತಿ ದಿನವನ್ನೂ ಚೀಟಿ ಎತ್ತಿ ಆರಿಸಿ ಎರಡು ಕೃತಕ ವಾರ ಮಾಡಿಕೊಳ್ಳುವುದು ರೂಢಿ. ಕಾರ್ಟೆಲ್ ಸುದ್ದಿ ಒಂದೆರಡು ದಿನ ಸ್ಫೋಟಿಸಿ ತಣ್ಣಗಾಗುವಂಥದ್ದಾದ್ದರಿಂದ ದೊಡ್ಡ ಘಟನೆಗಳ ದಿನಗಳನ್ನು ಬೇರೆಯಾಗಿ ಸೇರಿಸಿ, ಬೇರೆಯಾಗಿಯೇ ವರದಿ ಮಾಡಿ.

ಭ್ರಷ್ಟಾಚಾರಕ್ಕೆ ಬಂದರೆ ಎಲ್ಲರೂ ಓಡುವುದು ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ ಸೂಚ್ಯಂಕಕ್ಕೆ. ಮೆಕ್ಸಿಕೋಗೆ 2023ರಲ್ಲಿ 100ಕ್ಕೆ 31, 2024ರಲ್ಲಿ 26. ಉಚಿತ, ಒಂದೇ ಕಡತ, ಐದು ನಿಮಿಷದ ಕೆಲಸ. ಈ ಸುಲಭವೇ ಅಪಾಯ. ಅದು ತಜ್ಞರು ಮತ್ತು ಉದ್ಯಮಿಗಳ ಅಭಿಪ್ರಾಯ ಅಳೆಯುತ್ತದೆ, ಲಂಚವನ್ನಲ್ಲ, ಕಾರ್ಟೆಲ್ ಹಣವನ್ನಂತೂ ಅಲ್ಲವೇ ಅಲ್ಲ. 2012ಕ್ಕಿಂತ ಹಿಂದಿನ ಅಂಕಗಳು ಬೇರೆ ವಿಧಾನದವು, ಒಂದೇ ಗೆರೆಯಲ್ಲಿ ಜೋಡಿಸಬಾರದು. ಜನರು ಯಾವ ಕಚೇರಿಯಲ್ಲಿ ಲಂಚ ಕೊಟ್ಟರೆಂದು ತಿಳಿಯಲು ಇನೆಹಿಯ ಎನ್ಸಿಗ್ ಸಮೀಕ್ಷೆ ಇದೆ, ಎರಡು ವರ್ಷಕ್ಕೊಮ್ಮೆ. ಅದರಲ್ಲಿ ಸಿಗುವುದು ಸಂಚಾರ ಪೊಲೀಸ್, ಕಚೇರಿ ಕೆಲಸದಂಥ ದಿನನಿತ್ಯದ ಲಂಚ. ಮಂತ್ರಿಯ ಮಟ್ಟದ್ದು ಯಾವ ಸಮೀಕ್ಷೆಯಲ್ಲೂ ಸಿಗದು.

ಅದು ಸಿಗುವುದು ಅಮೆರಿಕದ ನ್ಯಾಯಾಲಯದ ದಾಖಲೆಗಳಲ್ಲಿ. ಕಾಲ್ದೆರೋನ್ ಸಂಪುಟದಲ್ಲಿ ಸಾರ್ವಜನಿಕ ಭದ್ರತಾ ಸಚಿವರಾಗಿದ್ದ, ಅಂದರೆ ಕಾರ್ಟೆಲ್ ವಿರುದ್ಧದ ಯುದ್ಧದ ಮುಂಚೂಣಿಯಲ್ಲಿದ್ದ ಹೆನಾರೊ ಗಾರ್ಸಿಯಾ ಲೂನಾ 2019ರ ಡಿಸೆಂಬರ್‌ನಲ್ಲಿ ಟೆಕ್ಸಸ್‌ನಲ್ಲಿ ಬಂಧಿತರಾದರು. ಸಿನಲೋವಾ ಕಾರ್ಟೆಲ್‌ಗೆ ನೆರವಾದ ಪ್ರಕರಣದಲ್ಲಿ 2023ರ ಫೆಬ್ರುವರಿಯಲ್ಲಿ ಬ್ರೂಕ್ಲಿನ್ ಜ್ಯೂರಿ ಅಪರಾಧಿ ಎಂದಿತು, 2024ರ ಅಕ್ಟೋಬರ್‌ನಲ್ಲಿ 38 ವರ್ಷಕ್ಕೂ ಹೆಚ್ಚಿನ ಸೆರೆವಾಸ ವಿಧಿಸಲಾಯಿತು. ಫೆಡರಲ್ ನ್ಯಾಯಾಲಯಗಳ ಪೇಸರ್ ತಾಣದಲ್ಲಿ ಪುಟಕ್ಕೆ 10 ಸೆಂಟ್, ಒಂದು ದಾಖಲೆಗೆ ಗರಿಷ್ಠ 3 ಡಾಲರ್, ಮೂರು ತಿಂಗಳಿಗೆ 30 ಡಾಲರ್ ಒಳಗಿದ್ದರೆ ಮಾಫಿ. ಓದಿದರೆ ಬಿಟ್ಟಿ ಎನಿಸುತ್ತದೆ. ಸಿಕ್ಕಿಹಾಕಿಕೊಳ್ಳುವುದು ವಿಚಾರಣೆಯ ಮಾತುಗಳನ್ನು ಅಕ್ಷರಶಃ ಬರೆದಿಟ್ಟ ದಾಖಲೆಗಳಲ್ಲಿ, ಅವಕ್ಕೆ 3 ಡಾಲರ್ ಮಿತಿ ಅನ್ವಯಿಸುವುದಿಲ್ಲ. ಒಂದು ದಿನದ ವಿಚಾರಣೆ 200 ಪುಟವಿದ್ದರೆ 20 ಡಾಲರ್, ಎರಡು ದಿನದ್ದು ತೆಗೆದರೆ ಮಾಫಿ ಹೋಗಿ ಇಡೀ ಬಿಲ್ ಕಟ್ಟಬೇಕು. ಮೊದಲು ಕೋರ್ಟ್‌ಲಿಸನರ್‌ನಲ್ಲಿ ಹುಡುಕಿ. ಬೇರೆಯವರು ಕೊಂಡ ಪ್ರತಿಗಳು ಅಲ್ಲಿ ಉಚಿತ, ದೊಡ್ಡ ಪ್ರಕರಣಗಳದ್ದು ಸಾಕಷ್ಟಿರುತ್ತವೆ.

ಕೈಗೆ ಸಿಕ್ಕ ಮೇಲೆ ಯಾವ ದಾಖಲೆಗೆ ಎಷ್ಟು ತೂಕ ಎಂಬುದು ಮುಖ್ಯ. ದೋಷಾರೋಪಪಟ್ಟಿ ಸರ್ಕಾರಿ ವಕೀಲರ ಆರೋಪ ಮಾತ್ರ. ಸಾಕ್ಷಿ ಹೇಳಿದ್ದು ಸಾಕ್ಷಿ ಹೇಳಿದ್ದು ಅಷ್ಟೇ, ಅದರಲ್ಲೂ ಶಿಕ್ಷೆ ಕಡಿತದ ಆಸೆಯಿರುವ ಮಾಜಿ ಕಾರ್ಟೆಲ್ ಸದಸ್ಯರ ಮಾತು. ಇದಕ್ಕೆ ವ್ಯತಿರಿಕ್ತವಾಗಿ 2012ರ ಡಿಸೆಂಬರ್‌ನಲ್ಲಿ ಎಚ್‌ಎಸ್‌ಬಿಸಿ ಬ್ಯಾಂಕ್ ಅಮೆರಿಕದ ನ್ಯಾಯ ಇಲಾಖೆಯ ಜೊತೆ ಮಾಡಿಕೊಂಡ ಒಪ್ಪಂದಕ್ಕೆ ಲಗತ್ತಿಸಿದ ಸಂಗತಿಗಳ ಹೇಳಿಕೆಯನ್ನು ಬ್ಯಾಂಕೇ ಒಪ್ಪಿಕೊಂಡಿದೆ: ಸಿನಲೋವಾ ಮತ್ತು ಕೊಲಂಬಿಯಾದ ನೊರ್ತೆ ದೆಲ್ ವಾಯೆ ಕಾರ್ಟೆಲ್‌ಗಳ ಕನಿಷ್ಠ 88.1 ಕೋಟಿ ಡಾಲರ್ ಡ್ರಗ್ ಹಣ ಅದರ ಮೂಲಕ ಹರಿದಿತ್ತು, ತೆತ್ತದ್ದು ಸುಮಾರು 190 ಕೋಟಿ ಡಾಲರ್. ಇದನ್ನು ‘ಆರೋಪ’ ಎಂದು ಬರೆಯಬೇಕಿಲ್ಲ.

ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿರುವ ನ್ಯಾಷನಲ್ ಸೆಕ್ಯುರಿಟಿ ಆರ್ಕೈವ್ ಬಿಡುಗಡೆಯಾದ ರಹಸ್ಯ ಕಡತಗಳನ್ನು ಉಚಿತವಾಗಿ ಕೊಡುತ್ತದೆ, ತಮಾವುಲಿಪಾಸ್ ರಾಜ್ಯದ ಸಾನ್ ಫೆರ್ನಾಂದೊದಲ್ಲಿ ನಡೆದ ವಲಸಿಗರ ಸಾಮೂಹಿಕ ಹತ್ಯೆಗಳ ಕುರಿತವೂ ಇವೆ. ಅಮೆರಿಕದ ರಾಯಭಾರ ಕಚೇರಿಯ ಕಣ್ಣಿನಿಂದ ಕಂಡದ್ದೆಂಬುದು ನೆನಪಿರಲಿ. ಮೆಕ್ಸಿಕೋದ ಸ್ವಂತ ಮಾಹಿತಿ ಹಕ್ಕಿನ ಬಗ್ಗೆ ಹಳೆಯ ಮಾರ್ಗದರ್ಶಿಗಳನ್ನು ನಂಬಬೇಡಿ. ಅವು ಹೇಳುವ ಸ್ವಾಯತ್ತ ಸಂಸ್ಥೆ ಇನಾಯ್ 2025ರಲ್ಲಿ ರದ್ದಾಗಿ ಕೆಲಸ ಸರ್ಕಾರದ ಭ್ರಷ್ಟಾಚಾರ ನಿಗ್ರಹ ಸಚಿವಾಲಯದ ಕೈಗೆ ಹೋಗಿದೆ. ಉತ್ತರಕ್ಕೆ 20 ಕೆಲಸದ ದಿನ, ಬೇಕೆಂದರೆ ಇನ್ನೂ 10 ಮುಂದೂಡಬಹುದು. ಸೆಮಿಸ್ಟರ್ ಮಧ್ಯದಲ್ಲಿ ಅರ್ಜಿ ಹಾಕಿದರೆ ಉತ್ತರ ಪರೀಕ್ಷೆ ಮುಗಿದ ಮೇಲೆ ಬರಬಹುದು.

ಇನ್‌ಸೈಟ್ ಕ್ರೈಮ್ ಹಿನ್ನೆಲೆ ಓದಿಗೆ ತುಂಬ ಒಳ್ಳೆಯದು, ಗುಂಪುಗಳ ಪರಿಚಯ ಪುಟಗಳು ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಇವೆ. ಪುಟಗಳು ಪರಿಷ್ಕರಣೆಯಾಗುತ್ತವೆ, ನೋಡಿದ ದಿನಾಂಕ ಹಾಕಿ. ಯಾವ ತಾಣದಿಂದಲೇ ಆಗಲಿ, ರಾಜ್ಯಕ್ಕೊಂದು ಬಣ್ಣ ಬಳಿದ ‘ಕಾರ್ಟೆಲ್ ಪ್ರದೇಶ’ದ ನಕ್ಷೆ ಕದ್ದು ಅಂಟಿಸಬೇಡಿ. ಒಂದೇ ಪುರಸಭೆಯಲ್ಲಿ ಎರಡು ಮೂರು ಗುಂಪುಗಳು ಕಾದಾಡುತ್ತಿರುವ ಕಡೆಯೇ ಕೊಲೆ ಹೆಚ್ಚು, ಬಣ್ಣದ ನಕ್ಷೆ ಮುಚ್ಚಿಹಾಕುವುದು ಅದನ್ನೇ.

ಇದೇ ವಿಷಯದ ರೆಡಿಮೇಡ್ ಪ್ರಬಂಧ ಮಾರುವ ತಾಣಗಳ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ದಿನಾಂಕವಿಲ್ಲದ 47,515, ತನಿಖಾ ಕಡತಗಳನ್ನು ಶವಗಳೆಂದು ಎಣಿಸಿದ ಕೋಷ್ಟಕ, ಸೂಚ್ಯಂಕವನ್ನೇ ಲಂಚದ ಪುರಾವೆ ಎಂದ ಪ್ಯಾರಾ, ಹುಡುಕಿದರೆ ಎಲ್ಲೂ ಸಿಗದ ಅಡಿಟಿಪ್ಪಣಿ. ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ವಿಷಯ ಬಲ್ಲ ಮೌಲ್ಯಮಾಪಕರಿಗೆ ಎಲ್ಲಿಂದ ಬಂದದ್ದೆಂದು ಗೊತ್ತಾಗುತ್ತದೆ.

ಮೂರು ತಿಂಗಳ ಅವಧಿ, ಖರ್ಚಿಗೆ ಕಾಸಿಲ್ಲ ಎಂದಾದರೆ ಆಯ್ಕೆ ಹೀಗಿರಲಿ: ಸಾವಿಗೆ ಇನೆಹಿ, ಗುಂಪುಗಳಿಗೆ ಯುಸಿಡಿಪಿ, ಸುದ್ದಿಗೆ ಮೀಡಿಯಾ ಕ್ಲೌಡ್ ಜೊತೆಗೆ ಲಾ ಹೊರ್ನಾದಾ, ಭ್ರಷ್ಟಾಚಾರಕ್ಕೆ ಒಂದೇ ಒಂದು ನ್ಯಾಯಾಲಯ ಪ್ರಕರಣ. ರಾಜ್ಯ ಒಂದನ್ನು, ಹೆಚ್ಚೆಂದರೆ ಎರಡನ್ನು ಆರಿಸಿ. ಇಡೀ ಮೆಕ್ಸಿಕೋ ಬೇಡ. ಮೊದಲ ವಾರ ಕಡತ ಇಳಿಸಿ 32 ರಾಜ್ಯ ಎಣಿಸುವುದಕ್ಕೇ ಮೀಸಲಿಡಿ.